ಅದ್ಭುತರಮ್ಯ ವಿಡಿಯೋ ಆಟಗಳಲ್ಲಿ ಕಾಳಗ: ಯುದ್ಧೇತಿಹಾಸದ ದೃಷ್ಟಿಯಿಂದ ಒಂದು ವಿಚಾರ

1

ಕ್ರಿ. ಶ. 1565ರ ಜನವರಿಯಲ್ಲಿ ನಡೆದ ರಕ್ಕಸ-ತಂಗಡಿ ಕಾಳಗವನ್ನು, ಅಂದರೆ ತಾಳಿಕೋಟೆಯ ಯುದ್ಧವೆಂದು ಪಠ್ಯಪುಸ್ತಕಗಳಲ್ಲಿ ಪ್ರಸಿದ್ಧವಾದ ಘಟನೆಯನ್ನು, ತರಗತಿಯಲ್ಲಿ ಪಾಠ ಹೇಳುವಾಗ ವಿದ್ಯಾರ್ಥಿಗಳಿಂದ ಒಂದು ಪ್ರಶ್ನೆ ಈಚಿನ ವರ್ಷಗಳಲ್ಲಿ ಮತ್ತೆ ಮತ್ತೆ ಬರುತ್ತಿದೆ. ಅಳಿಯ ರಾಮರಾಯನು ಸೆರೆಸಿಕ್ಕಿ ಹತನಾದೊಡನೆ ವಿಜಯನಗರದ ಸೇನೆ ದಿಕ್ಕಾಪಾಲಾಗಿ ಓಡಿತೆಂದು ನಾವು ಹೇಳಿದರೆ, ‘ಸತ್ತವನು ಒಬ್ಬ, ಉಳಿದ ಸಾವಿರಾರು ಮಂದಿ ಏಕೆ ಓಡಿದರು? ಅವರ ಬಲ ಹಾಗೆಯೇ ಇತ್ತಲ್ಲವೆ?’ ಎಂದು ಅವರು ಕೇಳುತ್ತಾರೆ.

ಈ ಪ್ರಶ್ನೆ ಅವಿವೇಕದ್ದಲ್ಲ. ಯುದ್ಧವೆಂದರೆ ಏನೆಂಬ ಒಂದು ಚಿತ್ರ ವಿದ್ಯಾರ್ಥಿಯ ಮನಸ್ಸಿನಲ್ಲಿ ಮೊದಲೇ ನೆಲೆಗೊಂಡಿದೆ. ಆ ಚಿತ್ರಕ್ಕೂ ನಾವು ಹೇಳುವ ಸಂಗತಿಗೂ ಹೊಂದಿಕೆಯಾಗದಿರುವುದರಿಂದಲೇ ಅವನು ಕೇಳುತ್ತಾನೆ. ವಿಚಾರಿಸಿ ನೋಡಿದಾಗ, ಆ ಚಿತ್ರದ ಬಹುಭಾಗ ವಿಡಿಯೋ ಆಟಗಳಿಂದ ಬಂದುದೆಂದು ನಮಗೆ ತಿಳಿದುಬಂತು. ಅದರಲ್ಲಿಯೂ ಆಟಗಾರನು ಒಬ್ಬ ವೀರನ ಅಥವಾ ಒಂದು ಸಣ್ಣ ತಂಡದ ಪಾತ್ರವನ್ನು ವಹಿಸಿ, ಮಾಂತ್ರಿಕರೂ ರಾಕ್ಷಸರೂ ತುಂಬಿರುವ ಅದ್ಭುತರಮ್ಯ ಲೋಕದಲ್ಲಿ ಸಂಚರಿಸುವ ಆಟಗಳ ಪ್ರಭಾವ ಹೆಚ್ಚಿನದು. ರೋಲ್-ಪ್ಲೇಯಿಂಗ್ ಗೇಮ್ ಎಂದು ಪ್ರಚಲಿತವಾಗಿರುವ ಈ ಪ್ರಕಾರವನ್ನು ನಾವು ಇಲ್ಲಿ ಪಾತ್ರಧಾರಣೆಯ ಆಟವೆಂದು ಕರೆಯೋಣ. ಇಂತಹ ಬಹುಪಾಲು ಆಟಗಳಲ್ಲಿ ಶತ್ರುವು ತನ್ನ ಪಾಲಿಗೆ ಬಂದ ಸಂಖ್ಯೆ ಸೊನ್ನೆಯಾಗುವವರೆಗೆ ನಿಂತು ಕಾದುತ್ತಾನೆ; ಸೊನ್ನೆಯಾದೊಡನೆ ಬೀಳುತ್ತಾನೆ. ಜೊತೆಯವರು ಹತ್ತು ಮಂದಿ ಸತ್ತುಬಿದ್ದಿದ್ದರೂ ಹನ್ನೊಂದನೆಯವನು ಅಳುಕುವುದಿಲ್ಲ.

ಇಂತಹ ಆಟಗಳಲ್ಲಿ ಕಾಳಗವು ಇನ್ನಷ್ಟು ವಾಸ್ತವವೂ ತಂತ್ರಪ್ರಧಾನವೂ ಆಗಬೇಕೆಂಬ ಬಯಕೆ ಆಟಗಾರರಲ್ಲಿಯೇ ಬಹುಕಾಲದಿಂದ ಇದೆ. ಆದರೆ ವಾಸ್ತವತೆ ಎಂಬ ಮಾತಿಗೆ ಎರಡು ಅರ್ಥಗಳುಂಟು. ರಕ್ತದ ಬಣ್ಣ, ಕತ್ತಿಯ ಹೊಳಪು, ಗಾಯದ ಭೀಕರತೆ ಇವುಗಳನ್ನು ಕಣ್ಣಿಗೆ ಕಟ್ಟುವಂತೆ ತೋರಿಸುವುದು ಒಂದು. ಯಾವ ಕಾರಣದಿಂದ ಯಾವ ಕಾರ್ಯ ಉಂಟಾಗುತ್ತದೆಂಬುದನ್ನು ಸರಿಯಾಗಿ ತೋರಿಸುವುದು ಇನ್ನೊಂದು. ಮೊದಲನೆಯದು ಚಿತ್ರಕಾರನ ಕೆಲಸ; ಎರಡನೆಯದಕ್ಕೆ ಇತಿಹಾಸಕಾರನು ಸಾಕ್ಷ್ಯ ಒದಗಿಸಬಲ್ಲ. ಕಾಳಗಗಳನ್ನು ನಿರ್ಣಯಿಸುವುದು ಹೆಣಗಳ ಲೆಕ್ಕಕ್ಕಿಂತ ಹೆಚ್ಚಾಗಿ ಹೋರಾಡುವವರ ಧೃತಿ, ದಣಿವು, ವ್ಯೂಹ, ನೆಲ ಮತ್ತು ತಿಳಿವಳಿಕೆ ಎಂಬುದನ್ನು ತೋರಿಸಿ, ಅವುಗಳನ್ನು ಆಟದ ನಿಯಮಗಳಾಗಿ ಅಳವಡಿಸುವ ಕೆಲವು ಸೂಚನೆಗಳನ್ನು ಮುಂದಿಡುವುದು ಪ್ರಸ್ತುತ ಲೇಖನದ ಉದ್ದೇಶ.

2

ಯುದ್ಧವನ್ನು ಆಟವಾಗಿಸುವ ಪ್ರಯತ್ನ ಹೊಸದಲ್ಲ. ಆನೆ, ಕುದುರೆ, ರಥ, ಕಾಲಾಳು ಎಂಬ ನಾಲ್ಕು ಅಂಗಗಳ ಸೇನೆಯನ್ನು ಹಲಗೆಯ ಮೇಲಿಟ್ಟ ಚತುರಂಗವು ನಮ್ಮ ದೇಶದಲ್ಲಿ ಹುಟ್ಟಿ ಪರ್ಷಿಯದ ಮೂಲಕ ಪಶ್ಚಿಮಕ್ಕೆ ಹೋಯಿತು. ಅದರ ಒಂದು ನಿಯಮವನ್ನು ಇಲ್ಲಿ ಗಮನಿಸಬೇಕು. ಹಲಗೆಯ ಮೇಲೆ ಎಷ್ಟೇ ಕಾಯಿಗಳು ಉಳಿದಿದ್ದರೂ ರಾಜನು ಸಿಕ್ಕಿಬಿದ್ದೊಡನೆ ಆಟ ಮುಗಿಯುತ್ತದೆ. ನಮ್ಮ ವಿದ್ಯಾರ್ಥಿಯು ಕೇಳಿದ ಪ್ರಶ್ನೆಗೆ ಉತ್ತರದ ಒಂದಂಶ ಈ ಹಳೆಯ ಆಟದಲ್ಲಿಯೇ ಅಡಗಿದೆ.

ಹತ್ತೊಂಬತ್ತನೆಯ ಶತಮಾನದ ಪ್ರಷ್ಯದಲ್ಲಿ ಈ ಪ್ರಯತ್ನ ಶಾಸ್ತ್ರೀಯ ರೂಪ ತಾಳಿತು. ರೈಸ್ವಿಟ್ಸ್ ಎಂಬಾತನು 1812ರಲ್ಲಿ ಅರಸನ ಮುಂದೆ ಪ್ರದರ್ಶಿಸಿದ ಯುದ್ಧಕ್ರೀಡೆಯನ್ನು ಅವನ ಮಗನು ಪರಿಷ್ಕರಿಸಿ 1824ರಲ್ಲಿ ‘ಕ್ರೀಗ್‌ಸ್ಪೀಲ್’ ಎಂಬ ಹೆಸರಿನಿಂದ ಪ್ರಕಟಿಸಿದನು. ಭೂಪಟದ ಮೇಲೆ ನಡೆಯುವ ಈ ಆಟದಲ್ಲಿ ಇಬ್ಬರು ಎದುರಾಳಿಗಳ ನಡುವೆ ಒಬ್ಬ ಮಧ್ಯಸ್ಥನಿರುತ್ತಾನೆ. ಆಟಗಾರರು ತಮ್ಮ ಆಜ್ಞೆಗಳನ್ನು ಬರೆದು ಅವನ ಕೈಗೆ ಕೊಡುತ್ತಾರೆ. ಕಣ್ಣಿಗೆ ಬೀಳುವ ಶತ್ರುಪಡೆಯನ್ನು ಮಾತ್ರ ಅವನು ಪಟದ ಮೇಲಿಡುತ್ತಾನೆ. ಆಜ್ಞೆಯು ಪಡೆಯನ್ನು ತಲುಪಲು ಹಿಡಿಯುವ ಕಾಲವನ್ನೂ ಲೆಕ್ಕಹಾಕುತ್ತಾನೆ. ದಾಳ ಉರುಳಿಸಿ ನಷ್ಟವನ್ನು ನಿರ್ಣಯಿಸುತ್ತಾನೆ. ಸೇನಾಧಿಕಾರಿಗಳ ಶಿಕ್ಷಣಕ್ಕೆಂದೇ ಇದು ಬಳಕೆಯಾಯಿತು.

ಈ ಪರಂಪರೆಯಲ್ಲಿಯೇ ಅಮೆರಿಕದಲ್ಲಿ 1971ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಜೆಫ್ ಪೆರೆನ್ ‘ಚೈನ್‌ಮೇಲ್’ ಎಂಬ ನಿಯಮಪುಸ್ತಕವನ್ನು ಹೊರತಂದರು. ಸಣ್ಣ ಬೊಂಬೆಗಳನ್ನಿಟ್ಟು ಮಧ್ಯಯುಗದ ಕಾಳಗವಾಡುವ ಈ ಆಟದಲ್ಲಿ ಸಾಮಾನ್ಯ ಯೋಧನು ಒಂದೇ ಪೆಟ್ಟಿಗೆ ಬೀಳುತ್ತಿದ್ದ. ಪಡೆಗಳು ಧೃತಿಗೆಟ್ಟು ಹಿಂಜರಿಯುವುದಕ್ಕೂ ನಿಯಮಗಳಿದ್ದವು. ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಪ್ರಕಟಿಸಿದಾಗ ಬೊಂಬೆಯೊಂದು ಪಡೆಯ ಬದಲು ಒಬ್ಬ ವ್ಯಕ್ತಿಯಾಯಿತು. ಆಟಗಾರನು ಪ್ರೀತಿಯಿಂದ ಬೆಳೆಸಿದ ವೀರನು ಒಂದೇ ಪೆಟ್ಟಿಗೆ ಸಾಯುವುದು ಸಹ್ಯವಾಗಲಿಲ್ಲ. ಹೀಗಾಗಿ ‘ಹಿಟ್ ಪಾಯಿಂಟ್’ ಎಂಬ ಲೆಕ್ಕ ಬಂದಿತು. ನಾವು ಇದನ್ನು ಪ್ರಾಣಾಂಕವೆನ್ನೋಣ. ಹಡಗುಗಳ ಯುದ್ಧಕ್ರೀಡೆಯಿಂದ ಈ ಕಲ್ಪನೆಯನ್ನು ತೆಗೆದುಕೊಂಡುದಾಗಿ ಆರ್ನೆಸನ್ನನೇ ಹೇಳಿದ್ದಾನೆ. ಉಕ್ಕಿನ ಹಡಗು ಹತ್ತು ಗುಂಡು ತಗುಲಿಯೂ ತೇಲುತ್ತ ಹನ್ನೊಂದನೆಯದಕ್ಕೆ ಮುಳುಗಬಹುದು; ಹಡಗಿಗೆ ಈ ಲೆಕ್ಕ ಒಪ್ಪುತ್ತದೆ. ಮನುಷ್ಯನಿಗೆ ಅದು ಒಪ್ಪದೆಂಬುದನ್ನು ಗೈಗ್ಯಾಕ್ಸ್ ಬಲ್ಲವನಾಗಿದ್ದ. ಪ್ರಾಣಾಂಕವೆಂದರೆ ಕೇವಲ ದೇಹಬಲವಲ್ಲ, ಅದರಲ್ಲಿ ಕೌಶಲವೂ ಅದೃಷ್ಟವೂ ಸೇರಿವೆಯೆಂದು ಅವನು 1979ರ ತನ್ನ ಗ್ರಂಥದಲ್ಲಿ ಸಮಾಧಾನ ಹೇಳಿದ.

ಗಣಕಯಂತ್ರಕ್ಕೆ ಬಂದಾಗ ಆ ಸಮಾಧಾನ ಮರೆತುಹೋಗಿ ಅಂಕ ಮಾತ್ರ ಉಳಿಯಿತು. 1981ರಲ್ಲಿ ಬಂದ ‘ವಿಝಾರ್ಡ್ರಿ’ ಮತ್ತು ‘ಅಲ್ಟಿಮಾ’, 1986ರಲ್ಲಿ ಜಪಾನಿನಲ್ಲಿ ಬಂದ ‘ಡ್ರ್ಯಾಗನ್ ಕ್ವೆಸ್ಟ್’ ಇವೆಲ್ಲವೂ ಈ ಅಂಕವನ್ನೇ ಕೇಂದ್ರದಲ್ಲಿಟ್ಟುಕೊಂಡವು. ಕಾಗದದ ಮೇಲೆ ಆಡುವವರು ಉಗುರುಬೆರಳಿನಲ್ಲಿ ಲೆಕ್ಕ ಹಾಕಲು ಅನುಕೂಲವಾಗಲೆಂದು ಮಾಡಿಕೊಂಡ ಸರಳೀಕರಣವು, ಕ್ಷಣಮಾತ್ರದಲ್ಲಿ ಕೋಟಿ ಲೆಕ್ಕ ಮಾಡಬಲ್ಲ ಯಂತ್ರದಲ್ಲಿಯೂ ಹಾಗೆಯೇ ಉಳಿದುಬಂದುದು ವಿಚಿತ್ರವೆನ್ನದೆ ವಿಧಿಯಿಲ್ಲ.

3

ಇನ್ನು ಇತಿಹಾಸದ ಸಾಕ್ಷ್ಯವನ್ನು ಒಂದೊಂದಾಗಿ ನೋಡಿ, ಅದರಿಂದ ಯಾವ ನಿಯಮ ಹೊರಡುತ್ತದೆಂಬುದನ್ನು ಪರಿಶೀಲಿಸೋಣ.

ಮೊದಲನೆಯದು ಧೃತಿ. 1870ರ ಫ್ರೆಂಚ್-ಪ್ರಷ್ಯನ್ ಯುದ್ಧದಲ್ಲಿ ಮಡಿದ ಆರ್ದಾಂ ದ್ಯು ಪೀಕ್ ಎಂಬ ಫ್ರೆಂಚ್ ಸೇನಾಧಿಕಾರಿಯು ಪ್ರಾಚೀನ ಕಾಳಗಗಳನ್ನು ಕುರಿತು ಬರೆದಿಟ್ಟ ವಿಚಾರಗಳು ಇಂದಿಗೂ ಮನನೀಯವಾಗಿವೆ. ಮುಖಾಮುಖಿ ನಿಂತಿರುವವರೆಗೆ ಎರಡು ಪಕ್ಷಗಳಲ್ಲಿಯೂ ಸಾವು ಕಡಮೆ. ಒಂದು ಪಕ್ಷ ಬೆನ್ನು ತಿರುಗಿಸಿದಾಗ ನಿಜವಾದ ಸಂಹಾರ ಪ್ರಾರಂಭವಾಗುತ್ತದೆ. ಆದಕಾರಣ ಯುದ್ಧವೆಂಬುದು ಮೊದಲಿಗೆ ಎರಡು ಭಯಗಳ ನಡುವಣ ಸ್ಪರ್ಧೆ ಎಂಬುದು ಅವನ ವಾದದ ಸಾರ. ಇಂಗ್ಲೆಂಡಿನ ಟೌಟನ್ ಎಂಬಲ್ಲಿ 1461ರಲ್ಲಿ ನಡೆದ ಕಾಳಗದಲ್ಲಿ ಸತ್ತವರ ಒಂದು ಸಾಮೂಹಿಕ ಸಮಾಧಿ 1996ರಲ್ಲಿ ದೊರೆಯಿತು. ಅದರಲ್ಲಿದ್ದ 35ಕ್ಕೂ ಹೆಚ್ಚು ಅಸ್ಥಿಪಂಜರಗಳಲ್ಲಿ ಗಾಯಗಳ ಬಹುಪಾಲು ತಲೆಯ ಮೇಲಿದ್ದವು. ಶಿರಸ್ತ್ರಾಣವಿಲ್ಲದೆ, ಓಡುವಾಗಲೋ ಸೆರೆಸಿಕ್ಕ ಮೇಲೋ ಇವರು ಹತರಾಗಿರಬೇಕೆಂದು ವಿದ್ವಾಂಸರು ಊಹಿಸಿದ್ದಾರೆ.

1066ರ ಹೇಸ್ಟಿಂಗ್ಸ್ ಕಾಳಗ ಇನ್ನೂ ಸ್ಪಷ್ಟವಾದ ನಿದರ್ಶನ. ನಾರ್ಮನರ ಅರಸ ವಿಲಿಯಂ ಸತ್ತನೆಂಬ ಗಾಳಿಸುದ್ದಿ ಹಬ್ಬಿ ಅವನ ಸೈನ್ಯ ಹಿಮ್ಮೆಟ್ಟತೊಡಗಿತು. ಅವನು ಶಿರಸ್ತ್ರಾಣವನ್ನು ಮೇಲೆತ್ತಿ ಮುಖ ತೋರಿಸಿದ ಮೇಲೆ ಅದು ಮತ್ತೆ ನಿಂತಿತು. ಬೇಯೋ ನಗರದ ಕಸೂತಿಪಟದಲ್ಲಿ ಈ ದೃಶ್ಯ ಚಿತ್ರಿತವಾಗಿದೆ. ಸಂಜೆಯ ಹೊತ್ತಿಗೆ ಇಂಗ್ಲೆಂಡಿನ ಅರಸ ಹೆರಾಲ್ಡನು ನಿಜವಾಗಿಯೂ ಬಿದ್ದಾಗ ಅವನ ಸೈನ್ಯಕ್ಕೆ ಮುಖ ತೋರಿಸುವವರು ಯಾರೂ ಇರಲಿಲ್ಲ. ಐದು ಶತಮಾನಗಳ ತರುವಾಯ ಕೃಷ್ಣಾತೀರದಲ್ಲಿಯೂ ನಡೆದುದು ಹೀಗೆಯೇ. ರಾಮರಾಯನ ಸೋಲಿಗೆ ಬೇರೆ ಕಾರಣಗಳನ್ನೂ ವಿದ್ವಾಂಸರು ಚರ್ಚಿಸಿರುವುದುಂಟು. ಆದರೆ ಸೋಲು ಅಷ್ಟು ಬೇಗ ಪಲಾಯನವಾಗಿ ಮಾರ್ಪಟ್ಟುದಕ್ಕೆ ನಾಯಕನ ಪತನವೇ ಹತ್ತಿರದ ಕಾರಣ.

ಆಟದಲ್ಲಿ ಇದನ್ನು ತರುವುದು ಕಷ್ಟವಲ್ಲ. ಟಾಮ್ ಮೋಲ್ಡ್ವೇ ಸಂಪಾದಿಸಿದ 1981ರ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಪ್ರವೇಶಗ್ರಂಥದಲ್ಲಿಯೇ ಪ್ರತಿಯೊಂದು ಬಗೆಯ ಶತ್ರುವಿಗೂ 2ರಿಂದ 12ರವರೆಗಿನ ಒಂದು ಧೃತಿಯ ಅಂಕವಿತ್ತು. ಗುಂಪಿನಲ್ಲಿ ಮೊದಲ ಸಾವು ಸಂಭವಿಸಿದಾಗ ಒಮ್ಮೆ, ಅರ್ಧದಷ್ಟು ಮಂದಿ ಬಿದ್ದಾಗ ಇನ್ನೊಮ್ಮೆ, ಎರಡು ದಾಳಗಳನ್ನು ಉರುಳಿಸಬೇಕು. ಮೊತ್ತವು ಧೃತಿಯನ್ನು ಮೀರಿದರೆ ಅವರು ಓಡುತ್ತಾರೆ ಇಲ್ಲವೆ ಶರಣಾಗುತ್ತಾರೆ. ಮುಂದಿನ ಪರಿಷ್ಕರಣಗಳಲ್ಲಿ ಈ ನಿಯಮ ತನ್ನ ಮುಖ್ಯಸ್ಥಾನವನ್ನು ಕಳೆದುಕೊಂಡಿತು. ಜರ್ಮನಿಯ ಹ್ಯಾಂಬರ್ಗಿನಲ್ಲಿ ತಯಾರಾಗಿ 2017ರಲ್ಲಿ ಹೊರಬಂದ ‘ಬ್ಯಾಟಲ್ ಬ್ರದರ್ಸ್’ ಎಂಬ ಆಟ ಅದನ್ನು ವಿಸ್ತಾರವಾಗಿ ಮರಳಿ ತಂದಿದೆ. ಅದರಲ್ಲಿ ಪ್ರತಿಯೊಬ್ಬ ಯೋಧನೂ ಆತ್ಮವಿಶ್ವಾಸದಿಂದ ಹಿಡಿದು ಪಲಾಯನದವರೆಗಿನ ಐದು ಮನಃಸ್ಥಿತಿಗಳಲ್ಲಿ ಒಂದರಲ್ಲಿರುತ್ತಾನೆ. ಪಕ್ಕದವನು ಸತ್ತರೆ, ತಾನು ದೊಡ್ಡ ಪೆಟ್ಟು ತಿಂದರೆ ಕೆಳಗಿಳಿಯುತ್ತಾನೆ. ಇದು ಶತ್ರುವಿಗೆ ಮಾತ್ರವಲ್ಲ, ಆಟಗಾರನ ಸ್ವಂತ ಪಡೆಗೂ ಅನ್ವಯಿಸುತ್ತದೆ. ನಾಯಕನು ಕಣ್ಣಿಗೆ ಕಾಣುವಷ್ಟು ಹತ್ತಿರವಿರುವುದು, ಹಿಂದಿನಿಂದ ದಾಳಿಯಾಗುವುದು, ನೆರೆಯ ಪಡೆ ಓಡುವುದು ಇವುಗಳನ್ನೂ ಈ ಲೆಕ್ಕಕ್ಕೆ ಸೇರಿಸಬೇಕೆಂಬುದು ನಮ್ಮ ಮೊದಲನೆಯ ಸೂಚನೆ. ಆಗ ಆಟಗಾರನ ಮುಂದಿರುವ ಪ್ರಶ್ನೆಯೇ ಬದಲಾಗುತ್ತದೆ. ‘ಈ ನಲವತ್ತು ಮಂದಿಯನ್ನು ಹೇಗೆ ಕೊಲ್ಲಲಿ?’ ಎಂದು ಕೇಳುತ್ತಿದ್ದವನು ‘ಇವರ ಧೃತಿ ಎಲ್ಲಿ ಮುರಿಯುತ್ತದೆ?’ ಎಂದು ಕೇಳತೊಡಗುತ್ತಾನೆ. ಯುದ್ಧತಂತ್ರ ಪ್ರಾರಂಭವಾಗುವುದು ಆ ಪ್ರಶ್ನೆಯಿಂದ.

ಎರಡನೆಯದು ದಣಿವು. ಮಧ್ಯಯುಗದ ಯೂರೋಪಿನ ಒಂಟಿಕೈ ಕತ್ತಿಯ ತೂಕ ಸಾಮಾನ್ಯವಾಗಿ 1ರಿಂದ 1.5 ಕಿಲೋಗ್ರಾಂ, ಹದಿನೈದನೆಯ ಶತಮಾನದ ಪೂರ್ಣ ಉಕ್ಕಿನ ಕವಚದ ತೂಕ ಸುಮಾರು 20ರಿಂದ 25 ಕಿಲೋಗ್ರಾಂ. ಕವಚಧಾರಿಯು ನೆಲಕ್ಕೆ ಬಿದ್ದರೆ ಏಳಲಾರನೆಂಬ ಜನಜನಿತ ಮಾತು ಸುಳ್ಳು. ತೂಕ ಮೈಮೇಲೆಲ್ಲ ಹಂಚಿಹೋಗುವುದರಿಂದ ಅವನು ಏಳಬಲ್ಲ, ಕುದುರೆಯನ್ನೂ ಏರಬಲ್ಲ. ಆದರೆ ಆ ತೂಕಕ್ಕೆ ತೆರಬೇಕಾದ ಬೆಲೆ ಬೇರೆಯೇ ಇದೆ. ಇಂತಹ ಕವಚ ತೊಟ್ಟವರನ್ನು ಓಡುವ ಪಟ್ಟಿಯ ಯಂತ್ರದ ಮೇಲೆ ನಡೆಸಿ ಮಾಡಿದ, 2011ರಲ್ಲಿ ಪ್ರಕಟವಾದ ಒಂದು ಪ್ರಯೋಗದ ಪ್ರಕಾರ, ನಡೆಯುವುದಕ್ಕೆ ವ್ಯಯವಾಗುವ ಶಕ್ತಿ ಸುಮಾರು ಇಮ್ಮಡಿಯಾಗುತ್ತದೆ. 1415ರ ಅಜಿನ್‌ಕೋರ್ ಕಾಳಗದಲ್ಲಿ ಫ್ರೆಂಚ್ ಕವಚಧಾರಿಗಳು ಮಳೆ ಬಿದ್ದು ಕೆಸರಾದ ಉತ್ತ ಹೊಲವನ್ನು ಕಾಲ್ನಡಿಗೆಯಿಂದ ದಾಟಿ ಬರಬೇಕಾಯಿತು. ಶತ್ರುವನ್ನು ಮುಟ್ಟುವ ಮೊದಲೇ ಅವರು ಅರ್ಧ ಸೋತಿದ್ದರು. ಹೇಸ್ಟಿಂಗ್ಸ್ ಕಾಳಗ ಬೆಳಗಿನಿಂದ ಸಂಜೆಯವರೆಗೆ ನಡೆಯಿತೆಂದಾಗ, ಅಷ್ಟು ಹೊತ್ತೂ ಯಾರೂ ಎಡೆಬಿಡದೆ ಕತ್ತಿ ಬೀಸಿರಲಾರರು. ನಡುನಡುವೆ ಎರಡು ಸಾಲುಗಳೂ ಹಿಂದೆ ಸರಿದು ಉಸಿರು ತೆಗೆದುಕೊಂಡಿರಬೇಕು.

2011ರ ‘ಡಾರ್ಕ್ ಸೋಲ್ಸ್’ ಎಂಬ ಜಪಾನೀ ಆಟದಲ್ಲಿ ಪ್ರತಿ ಹೊಡೆತಕ್ಕೂ ಕಸುವು ವ್ಯಯವಾಗುತ್ತದೆ. ಆದರೆ ಕೆಲವೇ ಕ್ಷಣಗಳಲ್ಲಿ ಅದು ಮರಳಿ ತುಂಬುತ್ತದೆ. ಕ್ಷಣಕ್ಕೆ ತೀರಿ ಕ್ಷಣಕ್ಕೆ ತುಂಬುವ ಕಸುವು ಒಂದು, ದಿನವೆಲ್ಲ ಇಳಿಯುತ್ತ ಹೋಗಿ ಊಟ ನಿದ್ರೆಗಳಿಂದ ಮಾತ್ರ ತುಂಬುವ ತ್ರಾಣ ಇನ್ನೊಂದು, ಹೀಗೆ ಎರಡು ಲೆಕ್ಕಗಳಿರಬೇಕೆಂಬುದು ನಮ್ಮ ಎರಡನೆಯ ಸೂಚನೆ. ಆಗ ಹೊಸ ಪಡೆಯನ್ನು ಹಿಂದೆ ಕಾಯ್ದಿರಿಸಿಕೊಳ್ಳುವುದಕ್ಕೆ ಅರ್ಥ ಬರುತ್ತದೆ.

ಮೂರನೆಯದು ಆಯುಧ, ಕವಚ ಮತ್ತು ಗಾಯಗಳ ಸಂಬಂಧ. ಪ್ರಾಣಾಂಕದ ಆಟದಲ್ಲಿ ಕತ್ತಿಯು ಉಕ್ಕಿನ ಕವಚವನ್ನು ಸ್ವಲ್ಪ ಸ್ವಲ್ಪವಾಗಿ ಕೊರೆದುಕೊಂಡು ಹೋಗುತ್ತದೆ. ಹದಿನೈದನೆಯ ಶತಮಾನದ ಪ್ರಾರಂಭದಲ್ಲಿ ಇಟಲಿಯ ಫಿಯೋರೆ, ಆ ಶತಮಾನದ ಉತ್ತರಾರ್ಧದಲ್ಲಿ ಜರ್ಮನಿಯ ತಾಲ್‌ಹೋಫರ್ ಮೊದಲಾದ ಗುರುಗಳು ರಚಿಸಿದ ಸಚಿತ್ರ ಕತ್ತಿವರಸೆಯ ಗ್ರಂಥಗಳಲ್ಲಿ ಕಾಣುವುದು ಬೇರೆ. ಕವಚ ತೊಟ್ಟವನೆದುರು ಕತ್ತಿಯ ಅಲಗನ್ನೇ ಎಡಗೈಯಿಂದ ಹಿಡಿದು ಈಟಿಯಂತೆ ಕಂಕುಳು, ಮುಖ, ಕೀಲುಗಳ ಸಂದಿಗೆ ತಿವಿಯುವುದು, ಇಲ್ಲವೆ ಮಲ್ಲಯುದ್ಧದಿಂದ ಕೆಡವಿ ಕಠಾರಿ ಬಳಸುವುದು ಅಲ್ಲಿಯ ರೀತಿ. ಕವಚವು ಪೆಟ್ಟನ್ನು ತಡೆಯಬೇಕು, ಇಲ್ಲವೆ ಪೆಟ್ಟು ಅದರ ಸಂದಿಯನ್ನು ಹೊಗಬೇಕು. ಹೊಕ್ಕ ಗಾಯವು ಒಂದು ಅಂಕವನ್ನು ಕಳೆಯುವುದರ ಬದಲು ಒಂದು ಅಂಗವನ್ನು ನಿಷ್ಪ್ರಯೋಜಕಗೊಳಿಸಬೇಕು. 1978ರ ‘ರೂನ್‌ಕ್ವೆಸ್ಟ್’ ಎಂಬ ಕಾಗದದ ಆಟ ದೇಹದ ಒಂದೊಂದು ಭಾಗಕ್ಕೂ ಬೇರೆ ಲೆಕ್ಕವಿಟ್ಟು ಈ ದಾರಿಯನ್ನು ಹಿಡಿದಿತ್ತು. ಪ್ರಾಗ್ ನಗರದಲ್ಲಿ ತಯಾರಾದ 2018ರ ‘ಕಿಂಗ್‌ಡಮ್ ಕಮ್: ಡೆಲಿವರೆನ್ಸ್’ 1403ರ ಬೊಹೀಮಿಯವನ್ನು ಚಿತ್ರಿಸುವ, ಮಾಯಾಲೋಕವಿಲ್ಲದ ಆಟ, ಅದರಲ್ಲಿ ಮುಖ ಮುಚ್ಚುವ ಶಿರಸ್ತ್ರಾಣ ಧರಿಸಿದರೆ ರಕ್ಷಣೆ ಹೆಚ್ಚುತ್ತದೆ, ನೋಟ ಕಿರಿದಾಗುತ್ತದೆ. ಪ್ರತಿಯೊಂದು ರಕ್ಷಣೆಗೂ ಇಂತಹ ಬೆಲೆ ಇರುವುದು ನ್ಯಾಯ.

ನಾಲ್ಕನೆಯದು ವ್ಯೂಹ, ನೆಲ ಮತ್ತು ಹವೆ. ಗುಡ್ಡದ ಮೇಲೆ ಗುರಾಣಿಗೆ ಗುರಾಣಿ ಸೇರಿಸಿ ನಿಂತಿದ್ದ ಹೆರಾಲ್ಡನ ಸೈನ್ಯವನ್ನು ನಾರ್ಮನ್ ಕುದುರೆಗಳು ಎದುರಿನಿಂದ ಭೇದಿಸಲಾರದೆ ಹೋದವು. ಓಡುವವರನ್ನು ಬೆನ್ನಟ್ಟಿ ಇಳಿದುಬಂದವರು ಮಾತ್ರ ಕೆಳಗೆ ಸಿಕ್ಕಿಬಿದ್ದು ಹತರಾದರು. ಕ್ರಿ. ಪೂ. 216ರ ಕ್ಯಾನೆ ಕಾಳಗದಲ್ಲಿ ಹ್ಯಾನಿಬಾಲನು ತನಗಿಂತ ದೊಡ್ಡದಾದ ರೋಮನ್ ಸೈನ್ಯವನ್ನು ನಾಲ್ಕು ಕಡೆಯಿಂದಲೂ ಮುತ್ತಿದಾಗ, ಒಳಗಿದ್ದವರಿಗೆ ಕೈಯೆತ್ತಲು ಎಡೆಯಿಲ್ಲದೆ ಸಂಖ್ಯಾಬಲವೇ ಶತ್ರುವಾಯಿತು. ಟೌಟನ್ನಿನಲ್ಲಿ ಗಾಳಿ ಎದುರಾಗಿದ್ದುದರಿಂದ ಒಂದು ಪಕ್ಷದ ಬಾಣಗಳು ಗುರಿಮುಟ್ಟದೆ ನೆಲಕ್ಕೆ ಬಿದ್ದವು. ಅದ್ಭುತರಮ್ಯ ಆಟಗಳಲ್ಲಿ ಎತ್ತರದ ನೆಲಕ್ಕೆ ಸ್ವಲ್ಪ ಬೆಲೆ ಈಗ ಬಂದಿದೆ. ಬೆಲ್ಜಿಯಮಿನ ಸಂಸ್ಥೆಯೊಂದು ರಚಿಸಿದ 2023ರ ‘ಬಾಲ್ಡರ್ಸ್ ಗೇಟ್ 3’ ಇದಕ್ಕೆ ಸಾಕ್ಷಿ. ಇಷ್ಟರಿಂದ ತೃಪ್ತರಾಗದೆ, ಪಕ್ಕದಲ್ಲಿ ಜೊತೆಗಾರನಿರುವಾಗ ರಕ್ಷಣೆ ಹೆಚ್ಚುವುದು, ಪಾರ್ಶ್ವ ತೆರೆದಾಗ ಕುಗ್ಗುವುದು, ಕೆಸರು ಮಳೆ ಕತ್ತಲೆಗಳು ಎರಡು ಪಕ್ಷಗಳನ್ನೂ ಬಾಧಿಸುವುದು ನಿಯಮವಾಗಬೇಕು.

ಐದನೆಯದು ತಿಳಿವಳಿಕೆ. ಆಟಗಾರನು ಆಕಾಶದಿಂದೆಂಬಂತೆ ರಣರಂಗವನ್ನೆಲ್ಲ ನೋಡುತ್ತಾನೆ. ಅವನ ಆಜ್ಞೆ ತತ್‌ಕ್ಷಣ ನೆರವೇರುತ್ತದೆ. ಯಾವ ಸೇನಾಪತಿಗೂ ಈ ಭಾಗ್ಯವಿರಲಿಲ್ಲ. 1824ರ ಮಧ್ಯಸ್ಥನು ಮಾಡುತ್ತಿದ್ದ ಕೆಲಸವನ್ನು ಗಣಕಯಂತ್ರವು ಅವನಿಗಿಂತ ಚೆನ್ನಾಗಿ ಮಾಡಬಲ್ಲದು. ಆಜ್ಞೆಯು ಕೂಗಳತೆಯನ್ನು ಮೀರಿದರೆ ತಡವಾಗಿ ತಲುಪುವಂತೆ, ಕತ್ತಲೆಯಲ್ಲಿ ಮಿತ್ರನೋ ಶತ್ರುವೋ ತಿಳಿಯದಂತೆ ಮಾಡಿದರೆ ಕಾಳಗಕ್ಕೆ ಮೊದಲು ಬೇಹು ನೋಡುವುದು, ಯೋಜನೆ ಹೂಡುವುದು ಅಗತ್ಯವಾಗುತ್ತದೆ.

ಆರನೆಯದು ಕಾಳಗದ ಮುಕ್ತಾಯ. ಓಡುವವನನ್ನು ಬೆನ್ನಟ್ಟಬೇಕೆ, ಆಯುಧ ಕೆಳಗಿಟ್ಟವನನ್ನು ಏನು ಮಾಡಬೇಕು ಎಂಬ ಪ್ರಶ್ನೆ ಪ್ರಾಣಾಂಕದ ಆಟದಲ್ಲಿ ಏಳುವುದೇ ಇಲ್ಲ. ಇತಿಹಾಸದಲ್ಲಿ ಅದು ಪ್ರತಿ ಗೆಲುವಿನ ಮರುಗಳಿಗೆಯಲ್ಲಿ ಎದ್ದಿದೆ. ಅಜಿನ್‌ಕೋರಿನಲ್ಲಿ ಇಂಗ್ಲೆಂಡಿನ ಐದನೆಯ ಹೆನ್ರಿಯು ಸೆರೆಯಾಳುಗಳನ್ನು ಕೊಲ್ಲಲು ಆಜ್ಞೆ ಮಾಡಿದುದನ್ನು ಕುರಿತು ಇತಿಹಾಸಕಾರರು ಇಂದಿಗೂ ವಾದಿಸುತ್ತಿದ್ದಾರೆ. ಸೆರೆಯಾಳಿನ ಬಿಡುಗಡೆಗೆ ಹಣ ಪಡೆಯುವ ಪದ್ಧತಿಯಿದ್ದುದರಿಂದ ದಯೆಗೆ ಲಾಭದ ಆಸರೆಯೂ ಅಂದು ಇತ್ತು. ಮೇಲೆ ಹೇಳಿದ ಬೊಹೀಮಿಯದ ಆಟದಲ್ಲಿ ಶತ್ರು ಕೆಲವೊಮ್ಮೆ ಶರಣಾಗುತ್ತಾನೆ. ಅವನನ್ನು ಬಿಡುವುದೋ ಕೊಲ್ಲುವುದೋ ಆಟಗಾರನ ತೀರ್ಮಾನ. ಇಂತಹ ತೀರ್ಮಾನಗಳ ಫಲ ಕಥೆಯಲ್ಲಿ ಮುಂದೆ ಕಾಣಿಸಿಕೊಳ್ಳಬೇಕು. ಶರಣಾದವರನ್ನು ಕೊಲ್ಲುವವನೆಂದು ಹೆಸರಾದವನ ಎದುರು ಮುಂದಿನ ಶತ್ರು ಶರಣಾಗದೆ ಕೊನೆಯವರೆಗೆ ಕಾದಬೇಕು.

4

ಈ ಸೂಚನೆಗಳಿಗೆ ಆಕ್ಷೇಪಗಳು ಬರದಿರವು. ಅವುಗಳಲ್ಲಿ ಮೂರನ್ನು ಪರ್ಯಾಲೋಚಿಸಬಹುದು.

ಆಟವಿರುವುದು ವಿನೋದಕ್ಕಾಗಿ, ಇಷ್ಟೆಲ್ಲ ನಿಯಮಗಳು ಅದನ್ನು ಹೊರೆಯಾಗಿಸುತ್ತವೆ ಎಂಬುದು ಮೊದಲನೆಯ ಆಕ್ಷೇಪ. ಇದರಲ್ಲಿ ಸತ್ಯಾಂಶವಿದೆ. ಲೆಕ್ಕವನ್ನೆಲ್ಲ ಆಟಗಾರನ ಕಣ್ಣಮುಂದೆ ಹರಡಿದರೆ ಅವನು ಗುಮಾಸ್ತನಾಗುತ್ತಾನೆ. ಆದರೆ ಯಂತ್ರವಿರುವುದು ಲೆಕ್ಕವನ್ನು ಬಚ್ಚಿಡುವುದಕ್ಕಾಗಿ. ಟರ್ಕಿಯ ಅಂಕಾರ ನಗರದಲ್ಲಿ ತಯಾರಾದ 2008ರ ‘ಮೌಂಟ್ ಅಂಡ್ ಬ್ಲೇಡ್’ ಆಟದಲ್ಲಿ ಹೊಡೆತದ ಪರಿಣಾಮವು ಇಬ್ಬರ ಚಲನೆಯ ವೇಗವನ್ನು ಅವಲಂಬಿಸುತ್ತದೆ. ಆಟಗಾರನು ಗುಣಾಕಾರ ಮಾಡಬೇಕಿಲ್ಲ. ಓಡುವ ಕುದುರೆಯ ಮೇಲಿನಿಂದ ಹೊಡೆದರೆ ಪೆಟ್ಟು ಬಲವಾಗುತ್ತದೆಂದು ಅವನ ಕೈಗೆ ತಾನಾಗಿಯೇ ತಿಳಿಯುತ್ತದೆ. ಧೃತಿಯೂ ಹೀಗೆಯೇ ಸಾಲಿನ ಅಲುಗಾಟದಿಂದ, ಕೂಗಿನಿಂದ, ಹಿಂದೆ ತಿರುಗಿ ನೋಡುವ ಮುಖಗಳಿಂದ ತಿಳಿಯಬೇಕು.

ಓಡಿಹೋದ ಶತ್ರುವಿನಿಂದ ಅನುಭವಾಂಕ ಸಿಗುವುದಿಲ್ಲವಾದ್ದರಿಂದ ಆಟಗಾರನಿಗೆ ಬೇಸರವಾಗುತ್ತದೆಂಬುದು ಎರಡನೆಯ ಆಕ್ಷೇಪ. ಇದು ಧೃತಿಯ ನಿಯಮದ ದೋಷವಾಗಿರದೆ ಬಹುಮಾನದ ನಿಯಮದ ದೋಷವಾಗಿದೆ. 1981ರ ಆ ಪ್ರವೇಶಗ್ರಂಥದ ಪದ್ಧತಿಯಲ್ಲಿ ಅನುಭವಾಂಕಗಳ ಬಹುಪಾಲು ಬರುತ್ತಿದ್ದುದು ತಂದ ನಿಧಿಯಿಂದ. ಕಾಳಗದಿಂದ ಬರುತ್ತಿದ್ದುದು ಅಲ್ಪ. ಆದಕಾರಣ ಕಾಳಗವನ್ನು ತಪ್ಪಿಸುವುದೂ ಜಾಣತನವಾಗಿತ್ತು. ಕೊಂದ ಲೆಕ್ಕಕ್ಕೆ ಬದಲಾಗಿ ಸಾಧಿಸಿದ ಕಾರ್ಯಕ್ಕೆ ಬಹುಮಾನ ಕೊಟ್ಟರೆ ಈ ತೊಡಕು ಉಳಿಯದು.

ಬೆಂಕಿಯುಗುಳುವ ಘಟಸರ್ಪಗಳೂ ಮಂತ್ರವಾದಿಗಳೂ ಇರುವ ಲೋಕದಲ್ಲಿ ವಾಸ್ತವತೆಗೆ ಎಲ್ಲಿಯ ಅರ್ಥ ಎಂಬುದು ಮೂರನೆಯದು, ಎಲ್ಲಕ್ಕಿಂತ ಗಂಭೀರವಾದುದು. ನಮ್ಮ ಉತ್ತರವಿಷ್ಟೆ: ಅದ್ಭುತವು ಅದ್ಭುತವಾಗಿ ಕಾಣಬೇಕಾದರೆ ಅದರ ಸುತ್ತ ಸಾಮಾನ್ಯವಿರಬೇಕು. ‘ಬ್ಯಾಟಲ್ ಬ್ರದರ್ಸ್’ ಆಟದಲ್ಲಿ ಗೋರಿಯಿಂದೆದ್ದು ಬರುವ ಅಸ್ಥಿಪಂಜರದ ಯೋಧರಿಗೆ ಭಯವೆಂಬುದಿಲ್ಲ. ಅವರ ಸಾಲು ಮುರಿಯುವುದಿಲ್ಲ. ಮನುಷ್ಯರ ಪಡೆಗಳು ಧೃತಿಗೆಟ್ಟು ಓಡುವುದನ್ನು ಹಿಂದಿನ ಹತ್ತು ಕಾಳಗಗಳಲ್ಲಿ ಕಂಡ ಆಟಗಾರನಿಗೆ ಈ ಓಡದ ಶತ್ರುವನ್ನು ಕಂಡಾಗ ನಿಜವಾದ ಭೀತಿ ಹುಟ್ಟುತ್ತದೆ. ಎಲ್ಲ ಶತ್ರುಗಳೂ ಸಾಯುವವರೆಗೆ ಕಾದುವ ಆಟದಲ್ಲಿ ಪ್ರೇತಕ್ಕೂ ಮನುಷ್ಯನಿಗೂ ಬಟ್ಟೆಯ ವ್ಯತ್ಯಾಸ ಮಾತ್ರ ಉಳಿಯುತ್ತದೆ. ಮಂತ್ರವಾದಿಯ ಅಗ್ನಿಯೂ ಹೀಗೆಯೇ. ದಟ್ಟವಾದ ವ್ಯೂಹಗಳು ಬೆಲೆಯುಳ್ಳ ಲೋಕದಲ್ಲಿ ಅವುಗಳನ್ನು ಚದುರಿಸುವ ಅಗ್ನಿಯು, ಫಿರಂಗಿಗಳು ಬಂದಾಗ ಆದಂತೆ, ಯುದ್ಧದ ರೀತಿಯನ್ನೇ ಬದಲಿಸಬಲ್ಲದು. ವ್ಯೂಹವೇ ಇಲ್ಲದ ಕಡೆ ಅದು ಇನ್ನೊಂದು ಬಗೆಯ ಕಳೆಯುವ ಲೆಕ್ಕ ಮಾತ್ರ.

5

ಇಷ್ಟು ವಿಚಾರ ಮಾಡಿದ ಮೇಲೆ, ಇದರಿಂದ ಇತಿಹಾಸದ ಅಧ್ಯಾಪಕರಿಗೇನು ಎಂದು ಕೆಲವರು ಕೇಳಬಹುದು. ಆಟಗಳನ್ನು ರಚಿಸುವುದು ನಮ್ಮ ಕೆಲಸವಲ್ಲ, ನಿಜ. ಆದರೆ ಆಟವೊಂದರ ನಿಯಮವು ಒಂದು ಮೌನವಾದ ಪ್ರತಿಪಾದನೆ. ಶತ್ರುವು ಎಂದಿಗೂ ಹೆದರುವುದಿಲ್ಲ, ದಣಿಯುವುದಿಲ್ಲ, ಶರಣಾಗುವುದಿಲ್ಲ ಎಂಬ ನಿಯಮವನ್ನು ನೂರು ಗಂಟೆ ಆಡಿದ ತರುಣನು, ಶತ್ರುವೆಂಬುವನು ಮನುಷ್ಯನೆಂಬುದನ್ನು ಅಷ್ಟರಮಟ್ಟಿಗೆ ಮರೆತಿರುತ್ತಾನೆ. ಯುದ್ಧದ ಸುದ್ದಿಗಳನ್ನು ಓದುವಾಗಲೂ ಸತ್ತವರ ಸಂಖ್ಯೆಯನ್ನು ಕೇಳುವಾಗಲೂ ಅವನು ಈ ಮರೆವನ್ನು ಜೊತೆಗೆ ಕೊಂಡೊಯ್ಯುತ್ತಾನೆ. ಧೃತಿಯ ನಿಯಮವೆಂದರೆ ಕೊನೆಗೂ ಎದುರಿನವನಿಗೆ ಪ್ರಾಣಭಯವಿದೆಯೆಂದು ಒಪ್ಪಿಕೊಳ್ಳುವುದು.

ಈ ಮಾತನ್ನು ತರಗತಿಯಲ್ಲಿ ತೋರಿಸಲು ಗಣಕಯಂತ್ರವೂ ಬೇಕಾಗಿಲ್ಲ. ಒಂದು ಭೂಪಟ, ಪಡೆಗಳಿಗೆಂದು ಕತ್ತರಿಸಿದ ಕೆಲವು ರಟ್ಟಿನ ತುಂಡುಗಳು, ಎರಡು ದಾಳಗಳು ಸಾಕು. ಒಂದೊಂದು ಪಡೆಗೂ 2ರಿಂದ 12ರೊಳಗಿನ ಒಂದು ಧೃತಿಯ ಅಂಕ ಕೊಟ್ಟು, ವಿದ್ಯಾರ್ಥಿಗಳನ್ನು ಎರಡು ಪಕ್ಷ ಮಾಡಿ, ಅಧ್ಯಾಪಕರು ರೈಸ್ವಿಟ್ಸನ ಮಧ್ಯಸ್ಥನ ಸ್ಥಾನದಲ್ಲಿ ಕುಳಿತು ಹೇಸ್ಟಿಂಗ್ಸನ್ನೋ ರಕ್ಕಸ-ತಂಗಡಿಯನ್ನೋ ಒಂದು ಗಂಟೆಯ ಅವಧಿಯಲ್ಲಿ ಆಡಿಸಬಹುದು. ನಾಯಕನ ತುಂಡು ಪಟದಿಂದ ಹೊರಹೋದಾಗ ಎಲ್ಲ ಪಡೆಗಳಿಗೂ ದಾಳ ಉರುಳಿಸಲು ಹೇಳಬೇಕು. ಮೊದಲ ಪಡೆ ಮುರಿಯುತ್ತದೆ. ಅದನ್ನು ಕಂಡ ಪಕ್ಕದ ಪಡೆ ಮತ್ತೆ ದಾಳ ಉರುಳಿಸಬೇಕಾಗುತ್ತದೆ. ಅದರ ಪಕ್ಕದ್ದೂ ಹಾಗೆಯೇ. ಒಬ್ಬನು ಸತ್ತರೆ ಸಾವಿರಾರು ಮಂದಿ ಏಕೆ ಓಡಿದರೆಂದು ಕೇಳಿದ ವಿದ್ಯಾರ್ಥಿಯು ಆಗ ದಾಳವನ್ನು ಕೈಯಲ್ಲಿ ಹಿಡಿದು, ತನ್ನ ಪಡೆ ನಿಲ್ಲುವುದೋ ಇಲ್ಲವೋ ಎಂದು ಕಾಯುತ್ತಿರುತ್ತಾನೆ. ಅವನಿಗೆ ಬೇರೆ ಉತ್ತರ ಹೇಳುವ ಅಗತ್ಯ ನಮಗೆ ಬೀಳಲಾರದು.